ಹುಣಸೆಮರದ ಹಗ್ಗಕ್ಕೆ ಜೋತುಬಿದ್ದದ್ದು

ಮಕ್ಕಳೇ, ನಿಮ್ಮಜ್ಜಿ ಮರಕ್ಕೆ ನೇತಾಡಿದಳು ಎಂದು ಹಾಲಿನ ಡೈರಿ ಹತ್ತಿರ ಯಾರಾದರೂ ಹೇಳಿದರೆ ನಂಬಿ. ಹೋದ ಬೇಸಿಗೆಯ ಮಾತು. ಕೊಟ್ಟಿಗೆಯ ಶೀಟಿನ ಮೇಲೆ ಬಾಗಿದ್ದ ಹುಣಸೆ ಕೊಂಬೆಯನ್ನು ಮಳೆಗೆ ಮೊದಲೇ ಇಳಿಸಬೇಕಿತ್ತು. ಬಿಳಿಗೆರೆ ಕಡೆಯಿಂದ ಮರ ಹತ್ತಿ ಸವರುವವರೊಬ್ಬರು ಬೈಕಿನಲ್ಲಿ ಬಂದರು. ಜೊತೆಯವನಿಗೆ ಜ್ವರವಂತೆ, ಒಬ್ಬರೇ.

ಮರಳಿನ ಸಣ್ಣ ಚೀಲಕ್ಕೆ ದಾರ ಕಟ್ಟಿ ಎಸೆದು, ಎತ್ತರದ ಒಂದು ಕವಲಿಗೆ ಹಗ್ಗ ಏರಿಸಿದರು. ಹಗ್ಗ ಹಾಕಿದ್ದೂ ತೊಡೆಯಷ್ಟು ದಪ್ಪದ ಕೊಂಬೆಗೇ, ಮೈತುಂಬ ಹಸಿರೆಲೆ. ಆದರೂ ಹತ್ತಲಿಲ್ಲ.

"ಅವ್ವಾ, ಇಬ್ರು ಒಟ್ಗೆ ಜೋತುಬಿದ್ದು ನೋಡ್ಬೇಕು. ಕವ್ಲು ಇಬ್ರನ್ನ ತಡೆದ್ರೆ ನನ್ನೊಬ್ಬನ್ನ ತಡೀತದೆ. ಮನೇಲಿ ಯಾರವ್ರೆ?"

ಗಂಡಸರೆಲ್ಲ ಹೊಲಕ್ಕೆ ಹೋಗಿದ್ದರು. ಇದ್ದದ್ದು ನಾನು, ನನ್ನ ಓರಗಿತ್ತಿ. ನಮಗೆ ಹೆಲ್ಮೆಟ್ ಕೊಟ್ಟರು. ಒಂದು ಜೊತೆಯವನದು, ಇನ್ನೊಂದು ಬೈಕಿನದು. ಸೆರಗಿನ ಮೇಲೆ ಹೆಲ್ಮೆಟ್ ಏರಿಸಿ, ಮರದಿಂದ ಅಷ್ಟು ದೂರ ನಿಂತೆವು. ರಸ್ತೆಯಾಚೆ ಡೈರಿಯ ಮುಂದಿನ ಸಾಲೆಲ್ಲ ಕ್ಯಾನು ಹಿಡಿದುಕೊಂಡೇ ನಮ್ಮ ಕಡೆ ತಿರುಗಿತು.

ಓರಗಿತ್ತಿ ಹಗ್ಗ ಹಿಡಿದು ಕಾಲು ಮಡಚಿಯೇಬಿಟ್ಟಳು. ನಾನೂ ಮಂಡಿ ಬಗ್ಗಿಸಿದೆ. ಆದರೆ ಸೀರೆಯ ಮರೆಯಲ್ಲಿ ಹೆಬ್ಬೆರಳು ನೆಲ ಬಿಡಲಿಲ್ಲ. ಅಷ್ಟು ಜನರ ಮುಂದೆ ನೇತಾಡುವುದು ಹೇಗೆ?

ಕವಲು ಅಲುಗಲಿಲ್ಲ. ಅವರು "ಸರಿ" ಎಂದು ಸೊಂಟದ ಬೆಲ್ಟಿಗೆ ಹಗ್ಗ ಸಿಕ್ಕಿಸಿಕೊಂಡರು.

"ತಡಿಯಪ್ಪ," ಎಂದೆ. "ನಾ ಪೂರ್ತಿ ಜೋತುಬೀಳ್ಲಿಲ್ಲ. ಕಾಲು ನೆಲದಲ್ಲೇ ಇತ್ತು."

ಅವರು ಬೆಲ್ಟಿನಿಂದ ಹಗ್ಗ ಬಿಚ್ಚಿ ಮತ್ತೆ ನಮ್ಮ ಕೈಗೆ ಕೊಟ್ಟರು. ಓರಗಿತ್ತಿ ಡೈರಿಯತ್ತ ನೋಡಿ, "ಅಲ್ಲಕ್ಕ, ಅವ್ರೇನು ಎಣ್ಣು ನೋಡಕ್ಕೆ ಬಂದವ್ರಾ? ಕಾಲೆತ್ತು," ಎಂದಳು.

ಎತ್ತಿದೆ. ಮೇಲೆ ಲಟಕ್ಕೆಂದಿತು. ಹಗ್ಗ ಸಡಿಲಾಗಿ ಇಬ್ಬರೂ ಕುಕ್ಕರಿಸಿದೆವು. ಮರದ ಬುಡಕ್ಕೆ ಗೆದ್ದಲು ಮಣ್ಣು ಸುರಿಯಿತು. ಅಷ್ಟು ಹಸಿರಾಗಿದ್ದ ಕೊಂಬೆ ಕವಲಿನಲ್ಲಿ ಟೊಳ್ಳಾಗಿತ್ತು.

"ಪೆಟ್ಟಾಯ್ತಾ ಅವ್ವಾ?"

"ಅಕ್ಕಂಗೇನಾಗಿಲ್ಲ," ಎಂದಳು ಓರಗಿತ್ತಿ. "ಬಿದ್ದಿರೋದು ನನ್ ಮೇಲೆ."

ಅವರು ಮರವನ್ನು ಮತ್ತೆ ಸುತ್ತುಹಾಕಿ ನೋಡಿದರು. ಈ ಸಲ ಅಷ್ಟು ಎತ್ತರಕ್ಕೆ ಆಸೆಪಡದೆ, ನಡುಮರಕ್ಕೇ ಅಂಟಿಕೊಂಡಿದ್ದ ಕವಲಿಗೆ ಹಗ್ಗ ಹಾಕಿದರು. ನಾನು ಎರಡೂ ಕಾಲೆತ್ತಿ ಒಂದಿಷ್ಟು ಜೀಕಿಯೂ ನೋಡಿದೆ. ಕವಲು ಮಿಸುಕಲಿಲ್ಲ. ಅವರು ಹತ್ತಿ, ಕೊಟ್ಟಿಗೆ ಮೇಲಿನ ಕೊಂಬೆಯನ್ನು ತುಂಡುತುಂಡಾಗಿ ಇಳಿಸತೊಡಗಿದರು.

ಮಧ್ಯಾಹ್ನ ಮುದ್ದೆ ಉಂಡ ಮೇಲೆ ಹಗ್ಗವನ್ನು ಇನ್ನೊಂದು ಕವಲಿಗೆ ಬದಲಿಸಿದರು. ಅವರು ಕರೆಯುವ ಮೊದಲೇ ನಾನು ಹೆಲ್ಮೆಟ್ ಹಾಕಿಕೊಂಡು ನಿಂತಿದ್ದೆ. ಓರಗಿತ್ತಿ ಸೊಂಟನೋವೆಂದು ಅಡುಗೆಮನೆ ಸೇರಿದ್ದಳು. ಎಳೆದುಕೊಂಡು ಬಂದೆ.