ದೊಡ್ಡ ಕಾಡತೂಸಿನ ಮೋಹ

ತೊಂಬತ್ತರ ದಶಕದ ಕೊನೆಯಲ್ಲಿ, ಶಿವಮೊಗ್ಗದ ನಮ್ಮ ಕಾಲೇಜಿನ ಕೆಡೆಟ್ ದಳದ ಹೊಣೆಯನ್ನು ಉಳಿಸಿಕೊಳ್ಳಲು ನಾನು ಭದ್ರಾವತಿಯಲ್ಲಿ ಗುರಿಯ ಪರೀಕ್ಷೆಗೆ ನಿಂತೆ. ಐದರಲ್ಲಿ ಮೂರು ಗುಂಡು ತಗಲದಿದ್ದರೆ ದಳವು ರಸಾಯನಶಾಸ್ತ್ರದ ಮೇಷ್ಟರ ಪಾಲು. ಹಳಗನ್ನಡದ ಕಾಳಗಗಳನ್ನು ಪಾಠ ಹೇಳಿದವನಾದ್ದರಿಂದ, ಭಾರದ ಆಯುಧವೇ ಲೇಸೆಂದು ನಂಬಿ ದೊಡ್ಡ ಕಾಡತೂಸಿನ ರೈಫಲ್ಲನ್ನೇ ಕೇಳಿದೆ.

“ಬೇಡ ಸಾರ್, ಸಣ್ಣದು ತಗೊಳ್ಳಿ” ಎಂದರು ಪರೀಕ್ಷೆ ನಡೆಸುತ್ತಿದ್ದ ಹವಾಲ್ದಾರರು.

“ಮದ್ದಿನ ಒತ್ತಡ ಹೆಚ್ಚಿದ್ದರೆ ಗುಂಡು ನೆಟ್ಟಗೆ ಹೋಗುವುದಲ್ಲವೇ?”

“ಗುಂಡು ಹೋಗುತ್ತೆ ಮಾರಾಯ್ರೆ! ಅದರ ಒದೆತಕ್ಕೆ ಹೆದರಿ ನೀವು ಅಲ್ಲಾಡ್ತೀರಲ್ಲ, ಅದಕ್ಕೇನು ಮಾಡೋದು?”

ಮೊದಲೆರಡು ಗುಂಡುಗಳು ಮಣ್ಣಿನ ದಿಬ್ಬಕ್ಕೆ ಅರ್ಪಿತವಾದವು; ನನ್ನ ಕನ್ನಡಕ ಹುಲ್ಲಿಗೆ. ನಾಚಿಕೆಯನ್ನು ನುಂಗಿ ಸಣ್ಣ ರೈಫಲ್ಲನ್ನು ಬೇಡಿದೆ. ಉಳಿದ ಮೂರೂ ಗುರಿಗೆ ತಗಲಿದವು.

ದಳ ನನ್ನಲ್ಲೇ ಉಳಿಯಿತು. ಬಲಭುಜ ಊದಿಕೊಂಡಿದ್ದರಿಂದ ಒಂದು ವಾರ ಕರಿಹಲಗೆಯ ಮೇಲೆ ಏನನ್ನೂ ಬರೆಯದೆ ಪಾಠ ಮಾಡಿದೆ. ವಿದ್ಯಾರ್ಥಿಗಳಿಗೆ ಅದೇ ಹೆಚ್ಚು ಅರ್ಥವಾಯಿತಂತೆ.