ಗೈಬುಸಾಬನ ಟಂಟಂ, ನನ್ನ ಮಗಳ ಪಾಟಿಚೀಲ

ಮಕ್ಕಳಿಗೆ ಶಿಸ್ತು ಕಲಿಸುವುದೇ ನನ್ನ ನೌಕರಿ. ಆದರೆ ನನ್ನ ಸ್ವಂತ ಮಗಳಿಗೆ ಅದನ್ನು ಕಲಿಸಿದವರು ಟಂಟಂ ಆಟೋ ಓಡಿಸುವ ಗೈಬುಸಾಬ. ಹೇಳಿಕೊಳ್ಳಲು ನಾಚಿಕೆ, ಹೇಳದಿದ್ದರೆ ಅನ್ಯಾಯ.

ನಮ್ಮೂರಿನ ಏಳು ಮಕ್ಕಳನ್ನು ಅವರು ದಿನಾಲೂ ಮುದ್ದೇಬಿಹಾಳದ ಬೇರೆ ಬೇರೆ ಶಾಲೆಗಳಿಗೆ ಬಿಡುತ್ತಾರೆ. ನಾನು ಕಲಿಸುವ ಶಾಲೆಯೂ ಅಲ್ಲೇ, ಅದೇ ಗಾಡಿಯಲ್ಲಿ ಹೋಗುತ್ತೇನೆ. ಐದನೇ ತರಗತಿಯ ನನ್ನ ಪಲ್ಲವಿ ಗಣಿತದ ದಿನ ಚಿತ್ರಕಲೆಯ ಪುಸ್ತಕ ಒಯ್ಯುವಳು, ಊಟದ ಡಬ್ಬಿ ಮನೆಯಲ್ಲೇ ಬಿಡುವಳು. ನಾನು ಬಾಯಿಗೆ ಬಂದಂತೆ ಬೈದು, ಕೊನೆಗೆ ನಾನೇ ಅವಳ ಪಾಟಿಚೀಲ ತುಂಬುತ್ತಿದ್ದೆ. ಅವಳು ನವೋದಯ ಪರೀಕ್ಷೆ ಬರೆಯುವವಳಿದ್ದಳು. ಆಯ್ಕೆಯಾದರೆ ಹಾಸ್ಟೆಲ್ ವಾಸ, ಅಲ್ಲಿ ತುಂಬಿಕೊಡಲು ನಾನಿರುವುದಿಲ್ಲ. ಈ ಚಿಂತೆ ನನ್ನ ತಲೆ ತಿನ್ನುತ್ತಿತ್ತು.

"ಅಕ್ಕಾರ, ನೀವು ತುಂಬೋದು ಬಿಡ್ರಿ," ಎಂದರು ಗೈಬುಸಾಬ ಒಂದು ದಿನ. "ನಾಳಿಂದ ಗಾಡಿಗೆ ಎಲ್ಲಾರ ಚೀಲ ಏರಸೋ ಕೆಲಸ ಅಕಿದು."

ಮೊದಲ ದಿನ ಕೈಗೆ ಸಿಕ್ಕಂತೆ ಒಟ್ಟಿದಳು. ಎಲ್ಲರಿಗಿಂತ ಮೊದಲು ಇಳಿಯುವ ಪಕ್ಕದ ಮನೆಯ ಮುಕ್ತಾಳ ಚೀಲ ತಳದಲ್ಲಿತ್ತು. ಎಲ್ಲವನ್ನೂ ಇಳಿಸಿ ಮತ್ತೆ ಏರಿಸಬೇಕಾಯಿತು. ಗೈಬುಸಾಬ ಕೈ ಹಚ್ಚಲಿಲ್ಲ, ಬೈಯಲೂ ಇಲ್ಲ.

"ಮೊದಲ ಇಳಿಯೋರು ಯಾರವ್ವಾ? ಅವರದು ಕಡೀಕ ಏರಸು," ಎಂದರಷ್ಟೇ.

ಹೆಸರು ಕೂಗಿ ಒಂದೊಂದೇ ಚೀಲ ಮುಟ್ಟಿ ನೋಡಿದ ಮೇಲೆಯೇ ಗಾಡಿ ಬಿಡುವುದು ಅವರ ಪದ್ಧತಿ. ಅದನ್ನೂ ಅವಳಿಗೇ ಒಪ್ಪಿಸಿದರು. ತಿಂಗಳೊಪ್ಪತ್ತಿನಲ್ಲಿ ಅವಳು ಸಂಜೆಯೇ ವೇಳಾಪಟ್ಟಿ ನೋಡಿ, ಕೊನೆಯ ಪಿರಿಯಡ್ಡಿನ ಪುಸ್ತಕ ಕೆಳಗೆ, ಮೊದಲನೆಯದು ಮೇಲೆ ಇಟ್ಟುಕೊಳ್ಳತೊಡಗಿದಳು. ನನಗೆ ಮಾತ್ರ ನಂಬಿಕೆ ಬರಲಿಲ್ಲ.

ಪರೀಕ್ಷೆಯ ಬೆಳಿಗ್ಗೆ, ಕಳೆದುಕೊಂಡಾಳೆಂದು ಹೆದರಿ ಅವಳ ಚೀಲದಿಂದ ಹಾಲ್ ಟಿಕೆಟ್ ತೆಗೆದು ನನ್ನ ಬ್ಯಾಗಿನಲ್ಲಿಟ್ಟೆ. ಹೊರಡುವ ಗಡಿಬಿಡಿಯಲ್ಲಿ ಬೇರೆಯೇ ಬ್ಯಾಗ್ ಹೆಗಲಿಗೇರಿಸಿದೆ. ಗಾಡಿ ಚಾಲೂ ಆಗುವ ಮೊದಲು ಪಲ್ಲವಿ ತನ್ನ ಸಾಮಾನು ಮುಟ್ಟಿ ನೋಡಿದಳು.

"ಪೆನ್ ಐತಿ, ಪ್ಯಾಡ್ ಐತಿ. ಹಾಲ್ ಟಿಕೆಟ್ ಇಲ್ಲ."

"ನನ್ನ ಹಂತೇಕ ಐತಿ," ಎಂದು ಬ್ಯಾಗ್ ತೆರೆದೆ. ಇರಲಿಲ್ಲ. ಒಮ್ಮೆ ತಪ್ಪಿದರೆ ಮತ್ತೆ ಬರೆಯುವಂತಿಲ್ಲದ ಪರೀಕ್ಷೆ ಅದು. ಪಲ್ಲವಿಯೇ ಮನೆಯೊಳಗೆ ಓಡಿ, ನನ್ನ ಇನ್ನೊಂದು ಬ್ಯಾಗ್ ಹುಡುಕಿ ಟಿಕೆಟ್ ತಂದಳು.

"ಗೈಬುಸಾಬರ, ನಿಮ್ಮ ಉಪಕಾರ ಮರಿಯಂಗಿಲ್ರಿ," ಎಂದೆ.

"ನಾ ಏನ್ ಮಾಡೇನ್ರಿ? ಸುಮ್ನ ಕುಂತು ನೋಡೇನಿ," ಎಂದು ಅವರು ಗಾಡಿ ಬಿಟ್ಟರು.

ಪಲ್ಲವಿ ಆಯ್ಕೆಯಾದಳು. ಹಾಸ್ಟೆಲ್ಲಿಗೆ ಹೊರಡುವ ಮುನ್ನಾದಿನ ಟ್ರಂಕಿಗೆ ಬಟ್ಟೆ ಜೋಡಿಸುತ್ತ ಕೂತಿದ್ದಳು.

"ಒಂದ್ಸಲ ನಾ ನೋಡ್ಲೇನು?" ಎಂದೆ.

"ಬ್ಯಾಡವ್ವಾ. ನೀ ಸುಮ್ನ ಕುಂದ್ರು."

ಕೂತೆ.