ನಾನು ಕೊಟ್ಟ ಕಾಯಿಲೆ

ನಿನ್ನ ಹೃದಯದಲ್ಲಿ ಯಾವ ದೋಷವೂ ಇರಲಿಲ್ಲ, ಶ್ವೇತಾ. ಹತ್ತನೇ ತರಗತಿ ಮುಗಿಸಿದ ವರ್ಷ ನಾನು ನಿನಗೆ ಹೇಳಿದ್ದು ಹಸಿ ಸುಳ್ಳು. ಡಾಕ್ಟರು ಹೇಳಿದ್ದಲ್ಲ, ಇಸಿಜಿಯಲ್ಲಿ ಕಂಡದ್ದೂ ಅಲ್ಲ — ನಾನು, ನಿನ್ನನ್ನು ಹೆತ್ತ ಅಮ್ಮ, ಕಟ್ಟಿ ಹೇಳಿದ್ದು. ನೀನು ಅದನ್ನು ನಂಬಿ ಒಂಬತ್ತು ವರ್ಷ ಕಳೆದೆ.

ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದಿದ್ದೇನೆ. ಜನ ನನ್ನನ್ನು ಬಾಯಿಬಡುಕಿ ಅನ್ನುತ್ತಾರೆ, ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು ಅನ್ನುತ್ತಾರೆ. 'ನನ್ನದು ಹೊಟ್ಟೆಯಲ್ಲಿ ಒಂದು, ಬಾಯಲ್ಲಿ ಒಂದು ಇಲ್ಲಪ್ಪ' ಎಂದು ನಾನೂ ಜಂಬದಿಂದ ಹೇಳಿಕೊಂಡು ತಿರುಗಿದವಳೇ. ಥೂ! ನನ್ನ ಬಾಯಿಗೆ ಮಣ್ಣು ಹಾಕ.

ನೀನು ಓಡುತ್ತಿದ್ದೆ. ನಾಲ್ಕು ನೂರು ಮೀಟರಿನಲ್ಲಿ ನಮ್ಮ ಡೊಂಬಿವಲಿಯ ಶಾಲೆಗಳಲ್ಲಿ ನಿನ್ನ ಮುಂದೆ ಯಾರೂ ಇರಲಿಲ್ಲವಂತೆ — 'ಅಂತೆ' ಎನ್ನುತ್ತೇನೆ, ಏಕೆಂದರೆ ನಾನು ನೋಡಲು ಬಂದದ್ದು ಒಂದೇ ಸಲ, ಠಾಣೆ ಊರಿನ ಮೈದಾನದಲ್ಲಿ. ಪಪ್ಪಾ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ನಾನು ನೋಡಿದ್ದು ನಿನ್ನ ಚಡ್ಡಿಯ ಉದ್ದ, ಬಿಸಿಲಿಗೆ ಕಪ್ಪಾದ ನಿನ್ನ ಮೊಣಕಾಲು. ಗೆದ್ದು ಬಂದು ನೀನು ನನ್ನನ್ನು ಅಪ್ಪಿಕೊಂಡಾಗ, ಮೊದಲು ಮುಖ ತೊಳಿ ಎಂದೆ.

ಹನ್ನೊಂದಕ್ಕೆ ಅದೇ ಶಾಲೆಯಲ್ಲಿ ಕಾಮರ್ಸ್ ಸಿಕ್ಕಿತು. ಐದನೇ ವಿಷಯವನ್ನು ಮಾತ್ರ ನಾವೇ ಆರಿಸಬೇಕಿತ್ತು, ಕಂಪ್ಯೂಟರ್ ಅಥವಾ ಫಿಸಿಕಲ್ ಎಜುಕೇಷನ್. ನಿನ್ನ ಆಟದ ಟೀಚರು, ಆ ಸಾವಂತ್ ಮೇಡಂ, ಮನೆಗೇ ಬಂದರು. ನಾನು ಕೊಟ್ಟ ಅವಲಕ್ಕಿ ತಿನ್ನುತ್ತಾ, "ಆಂಟಿ, ಇಸ್ಕೋ ಪಿ.ಇ. ಲೇನೇ ದೋ. ಆಗೇ ಕೋಚ್ ಬನೇಗೀ, ಮೈ ಲಿಖ್ ಕೇ ದೇತೀ ಹೂಂ" ಎಂದರು. ನಿನಗೆ ಪಿ.ಇ. ತೆಗೆದುಕೊಳ್ಳಲು ಬಿಡಿ, ಮುಂದೆ ನೀನು ಕೋಚ್ ಆಗುವುದು ಖಂಡಿತ, ಬೇಕಾದರೆ ಬರೆದು ಕೊಡುತ್ತೇನೆ ಎಂದು. ನೀನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ, ನಿನ್ನ ಕಾಲ ಬೆರಳುಗಳು ನನಗೆ ಕಾಣುತ್ತಿದ್ದವು.

ಅವರು ಹೋದ ಮೇಲೆ ನಾನು ಕೂಗಾಡಿ ಮನೆಯನ್ನು ತಲೆಯ ಮೇಲೆ ಹೊತ್ತೆ. ಪಪ್ಪಾ ನಕ್ಕುಬಿಟ್ಟರು. "ಅವಳಿಗೆ ಬೇಕಾದ್ದು ಅವಳು ತೆಕ್ಕೊಳ್ಳಲಿ ಮಾರಾಯ್ತಿ. ಓಡುದು ಅವಳು, ಕಾಲು ನೋಯುದು ನಿನಗಾ?"

ನಿನ್ನ ಪಪ್ಪನ ಜೊತೆ ವಾದದಲ್ಲಿ ನಾನು ಸೋತದ್ದು ಅದೊಂದೇ ಸಲ ಇರಬೇಕು. ಸೋಲು ನನಗೆ ಆಗಿ ಬರುವುದಿಲ್ಲ.

ಯಾಕೆ ಅಷ್ಟು ಹಟ ಅಂತ ನೀನು ಕೇಳಬಹುದು. ಓದಿನ ಚಿಂತೆ, ನಿನ್ನ ಭವಿಷ್ಯ — ಹಾಗೆಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಅದಲ್ಲ. ಅದಕ್ಕೆ ಎರಡು ವರ್ಷ ಮೊದಲು, ನಮ್ಮ ಭಜನಾ ಮಂಡಳಿಯ ವಾರಿಜಕ್ಕನ ಮಗ ಪಿ.ಟಿ. ಮೇಷ್ಟ್ರಾಗಲು ಕಲಿಯುತ್ತಾನೆ ಎಂದಾಗ, ಎಲ್ಲರ ಎದುರು ಹೇಳಿದವಳು ನಾನು: "ಸೀಟಿ ಊದ್ಲಿಕ್ಕೂ ಡಿಗ್ರಿ ಬೇಕಾ ಅಕ್ಕ?" ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ವಾರಿಜಕ್ಕನೂ ನಕ್ಕರು, ತಾಳ ಹಿಡಿದುಕೊಂಡು, ತಲೆ ತಗ್ಗಿಸಿ. ಈಗ ಅದೇ ಚಾಪೆಯ ಮೇಲೆ ಕೂತು ನನ್ನ ಮಗಳೂ ಅದನ್ನೇ ಕಲಿಯುತ್ತಾಳೆ ಎಂದು ನಾನು ಹೇಳಬೇಕಿತ್ತು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡದೊಂದು ಕಾರಣ ಇದ್ದಿದ್ದರೆ ಎಂದು ಎಷ್ಟು ಹುಡುಕಿದ್ದೇನೆ, ಇಲ್ಲ.

ಪಿ.ಇ. ತೆಗೆದುಕೊಳ್ಳುವವರು ಡಾಕ್ಟರ ಸರ್ಟಿಫಿಕೇಟ್ ತರಬೇಕು ಎಂದು ಫಾರ್ಮಿನಲ್ಲಿತ್ತು. ನಾನು ಕೆಲಸ ಮಾಡುತ್ತಿದ್ದದ್ದೇ ದವಾಖಾನೆಯಲ್ಲಿ. ಕೇಸ್ ಪೇಪರ್ ಬರೆಯುವುದು, ಬಿಪಿ ನೋಡುವುದು, ಇಸಿಜಿ ತೆಗೆಯುವುದು ಎಲ್ಲ ನಾನೇ. ಸೋಮವಾರ ಬೆಳಿಗ್ಗೆ ಆಫೀಸಿಗೆ ರಜೆಯ ಚೀಟಿ ಬೇಕೆಂದು ಲೋಕಲ್ ರೈಲು ಹಿಡಿಯುವವರೆಲ್ಲ ಸಾಲು ನಿಲ್ಲುತ್ತಿದ್ದರು. ಅವರಿಗಾಗಿ ನಮ್ಮ ಮುದಿ ಡಾಕ್ಟರು ಶನಿವಾರವೇ ಹತ್ತಿಪ್ಪತ್ತು ಖಾಲಿ ಹಾಳೆಗೆ ಸಹಿ ಹಾಕಿ ನನ್ನ ಕೈಯಲ್ಲಿ ಇಡುತ್ತಿದ್ದರು. ಜ್ವರ, ಭೇದಿ, ಬೆನ್ನುನೋವು — ಏನು ಬೇಕೋ ನಾನು ತುಂಬುತ್ತಿದ್ದೆ. ಹದಿನಾಲ್ಕು ವರ್ಷದಲ್ಲಿ ಅವರು ಒಂದು ಹಾಳೆಯನ್ನೂ ತಿರುಗಿ ಕೇಳಿದವರಲ್ಲ. ಅಂಥವರ ಸಹಿಯ ಮೇಲೆ ನಾನು ನಿನ್ನ ಹೆಸರು ಬರೆದೆ. ಹೃದಯದ ಬಡಿತದಲ್ಲಿ ದೋಷವಿದೆ, ಓಟ ಮತ್ತು ಶ್ರಮದ ಆಟ ಕೂಡದು.

ನಿನ್ನನ್ನು ಕರೆಸಿ ಇಸಿಜಿ ತೆಗೆದದ್ದು ನಾಟಕಕ್ಕೆ. ಡಾಕ್ಟರು ಇನ್ನೂ ಬಂದಿರಲಿಲ್ಲ. ಪಟ್ಟಿಯಲ್ಲಿ ಗೆರೆ ಚೆಂದವಾಗಿ, ಒಂದರ ಹಾಗೆ ಇನ್ನೊಂದು ಬಂತು. ನನಗೆ ಅಷ್ಟು ಓದಲು ಬರುತ್ತದೆ. ಅದನ್ನು ಹರಿದು ಕಸಕ್ಕೆ ಹಾಕಿದೆ.

ಸಂಜೆ ಅಡುಗೆಮನೆಯಲ್ಲಿ ಹೇಳಿದೆ. "ಡಾಕ್ಟರ್ ನೋಡಿದ್ರು ಮಗಾ. ನಿನ್ನ ಹಾರ್ಟಲ್ಲಿ ಸ್ವಲ್ಪ ಪ್ರಾಬ್ಲಂ ಉಂಟು. ಓಡ್ಬಾರ್ದು."

"ಕಿತ್ನೇ ದಿನ?" ಎಂದು ಕೇಳಿದೆ ನೀನು. ಎಷ್ಟು ದಿನ.

ಒಂದು ತಿಂಗಳು ಎನ್ನಬಹುದಿತ್ತು — ನನ್ನ ಲೆಕ್ಕದಲ್ಲಿದ್ದದ್ದೂ ಅಷ್ಟೇ, ಫಾರ್ಮಿನ ದಿನ ಕಳೆಯುವವರೆಗೆ. ಆದರೆ ಬಾಯಿಗೆ ಬಂದದ್ದು, "ಯಾವತ್ತೂ."

ನೀನು ಅಳಲಿಲ್ಲ. ಎದೆಯ ಮೇಲೆ ಕೈ ಇಟ್ಟು ನೋಡಿಕೊಂಡೆ, ಅಲ್ಲಿ ಏನೋ ಕೇಳಿಸುತ್ತದೆಯೋ ಎಂಬಂತೆ. ಆಗಲೇ ಹೇಳಿಬಿಡಬೇಕಿತ್ತು. ಒಗ್ಗರಣೆ ಸೀಯುತ್ತದೆ ಎಂದು ನಾನು ಒಲೆಯ ಕಡೆ ತಿರುಗಿದೆ.

ಪಪ್ಪಾ ಬೆದರಿಹೋದರು. ಠಾಣೆಯ ದೊಡ್ಡ ಆಸ್ಪತ್ರೆಗೆ ಹೋಗೋಣ, ದೊಡ್ಡ ಡಾಕ್ಟರಿಗೆ ತೋರಿಸೋಣ ಎಂದರು. "ಹೆಣ್ಣು ಹುಡುಗಿಯ ಹೆಸರಲ್ಲಿ ಹಾರ್ಟಿನ ಫೈಲ್ ಮಾಡಿಸ್ತೀರಾ? ನಾಳೆ ಮದುವೆಗೆ ಯಾರು ಬರ್ತಾರೆ?" ಎಂದು ಅವರ ಬಾಯಿ ಮುಚ್ಚಿಸಿದೆ. "ನೀನು ದವಾಖಾನೆಯವಳು, ನಿನಗೆ ಗೊತ್ತುಂಟು" ಎಂದು ಅವರು ನನ್ನ ಮಾತಿಗೇ ಬಿಟ್ಟರು. ಸಾವಂತ್ ಮೇಡಂ ಮತ್ತೆ ಬಂದು, ಓಡುವುದು ಬೇಡ, ಬರೀ ಥಿಯರಿ ಓದಲಿ, ನಾನು ಪ್ರಿನ್ಸಿಪಾಲರ ಹತ್ತಿರ ಮಾತಾಡುತ್ತೇನೆ ಎಂದು ಬೇಡಿಕೊಂಡರು. ಅದಕ್ಕೂ ನಾನು ಒಪ್ಪಲಿಲ್ಲ.

ಒಂದು ತಿಂಗಳಾಯಿತು. ಸರಿಹೋಗಿದೆ ಎಂದರೆ ಮತ್ತೆ ಮೈದಾನಕ್ಕೆ ಓಡುತ್ತೀ ಎಂದು ಹೆದರಿದೆ. ಆಮೇಲೆ ಹೆದರಿಕೆ ಬೇರೆಯಾಯಿತು. ನೀನು ಸ್ಟೇಷನ್ನಿನ ಸೇತುವೆ ಹತ್ತುವಾಗ ಅರ್ಧದಲ್ಲಿ ನಿಂತು ಏದುಸಿರು ಬಿಡತೊಡಗಿದೆ — ನಿಜವಾಗಿಯೂ ಏದುಸಿರು! ಇಲ್ಲದ ಕಾಯಿಲೆ ನಿನಗೆ ಬಂದೇಬಿಟ್ಟಿತ್ತು. ಪ್ರತಿ ವರ್ಷ ಒಂದು ಇಸಿಜಿ ತೆಗೆದು, "ಹಾಗೇ ಉಂಟು, ಜಾಸ್ತಿ ಆಗ್ಲಿಲ್ಲ" ಎಂದೆ. ಐರೋಲಿಯಲ್ಲಿ ಕೆಲಸ ಸಿಕ್ಕಿದಾಗ ನೀನು ಎರಡು ಲೋಕಲ್ ಬಿಟ್ಟು ಮೂರನೆಯದಕ್ಕೆ ಹತ್ತುತ್ತಿದ್ದೆ, ನೂಕಾಟ ಬೇಡ ಎಂದು. ಕಳೆದ ವರ್ಷ ನೋಡಲು ಬಂದ ಗಂಡಿನವರಿಗೆ ನೀನೇ ಮೊದಲು ಹೇಳಿದೆ, ನನಗೆ ಹಾರ್ಟಿನ ತೊಂದರೆ ಇದೆ ಎಂದು. ಅವರು ಮತ್ತೆ ಫೋನ್ ಮಾಡಲಿಲ್ಲ. ನಾನು ಅವರನ್ನೇ ಬೈದೆ.

ಈಗ ಕೆಲವು ತಿಂಗಳ ಹಿಂದಿನ ಆ ಭಾನುವಾರದ್ದು ಬರೆಯಬೇಕು. ಬರೆಯದೆ ಉಪಾಯವಿಲ್ಲ.

ಮಧ್ಯಾಹ್ನ ಹನ್ನೆರಡಕ್ಕೆ ಪಪ್ಪನಿಗೆ ಎದೆನೋವು ಬಂತು. ಮನೆಯಲ್ಲಿ ನೀವಿಬ್ಬರೇ; ಭಾನುವಾರವೂ ಅರ್ಧ ದಿನ ದವಾಖಾನೆ ಇದ್ದದ್ದರಿಂದ ನಾನು ಅಲ್ಲಿದ್ದೆ. ಲಿಫ್ಟ್ ರಿಪೇರಿಗೆ ಬಿಚ್ಚಿಟ್ಟಿದ್ದರು. ನನ್ನ ಫೋನ್ ದವಾಖಾನೆಯ ಗದ್ದಲದಲ್ಲಿ, ಚೀಲದೊಳಗೆ ಸದ್ದಿಲ್ಲದೆ ಬಿದ್ದಿತ್ತು — ನೀನು ನಾಲ್ಕು ಸಲ ಮಾಡಿದ್ದೆ. ಆಂಬುಲೆನ್ಸ್‌ನವರು ಟ್ರಾಫಿಕ್ ಇದೆ, ತಡವಾಗುತ್ತದೆ ಎಂದರು. ದವಾಖಾನೆ ನಮ್ಮ ಗಲ್ಲಿಯ ಆ ತುದಿಯಲ್ಲಿ. ಓಡಿದರೆ ಎಷ್ಟು ಹೊತ್ತು? ನೀನು ಬಾಗಿಲು ತೆಗೆದಾಗ ಪಪ್ಪಾ ಕುರ್ಚಿಯಿಂದ ಕೈ ಎತ್ತಿ, "ಓಡ್ಬೇಡ ಮಗಾ, ನಿಂಗಾಗುದಿಲ್ಲ. ಮೆಲ್ಲ ಹೋಗು" ಎಂದರಂತೆ.

ನೀನು ಮೆಲ್ಲ ಬಂದೆ. ನಾಲ್ಕು ಮಾಳಿಗೆ ಇಳಿದು, ಕಟ್ಟೆ ಕಂಡಲ್ಲಿ ಕೂತು, ಎದೆ ಹಿಡಿದುಕೊಂಡು ಒಳಗೆ ಬಂದೆ. ನಿನಗೇ ಏನೋ ಆಯಿತೆಂದು ನಾನು ಬೈಯಲು ಬಾಯಿ ತೆರೆದೆ. "ಪಪ್ಪಾ" ಎಂದೆ ನೀನು. ಹಳೆಯ ಡಾಕ್ಟರು ತೀರಿಕೊಂಡು ವರ್ಷಗಳಾಗಿದ್ದವು. ಈಗಿನ ಹುಡುಗ ಡಾಕ್ಟರು ಚೀಲ ಹಿಡಿದು ಓಡಿದರು. ಐವತ್ತೆರಡರ ನಾನು ಅವರ ಹಿಂದೆ ಓಡಿದೆ. ನೀನು ಎಲ್ಲರಿಗಿಂತ ಹಿಂದೆ ನಡೆದು ಬಂದೆ.

ನಾವು ಮುಟ್ಟುವಾಗ ಎಲ್ಲ ಮುಗಿದಿತ್ತು. ಮೊದಲೇ ಬಂದಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ಡಾಕ್ಟರು ಹೇಳಲಿಲ್ಲ. ನಾನು ಕೇಳಲಿಲ್ಲ.

ಆ ದಿನವೂ ಹೇಳಲಿಲ್ಲ, ಹದಿಮೂರನೆಯ ದಿನವೂ ಹೇಳಲಿಲ್ಲ. ನಿನ್ನ ತಪ್ಪಲ್ಲ ಮಗಾ, ನಿನ್ನ ತಪ್ಪಲ್ಲ ಎಂದು ನಿನ್ನ ತಲೆ ಸವರುತ್ತಾ ಕೂತೆ. ಯಾರ ತಪ್ಪು ಎನ್ನುವುದನ್ನು ಮಾತ್ರ ನುಂಗಿದೆ.

ಹೋದ ವಾರ ನಿನ್ನ ಕಂಪನಿಯವರು ಎಲ್ಲರ ಆರೋಗ್ಯ ತಪಾಸಣೆ ಮಾಡಿಸಿದರು. ನೀನು ರಿಪೋರ್ಟ್ ಹಿಡಿದು ಬಂದು ಬಾಗಿಲಲ್ಲೇ ನನ್ನನ್ನು ಎತ್ತಿ ತಿರುಗಿಸಿದೆ. "ಏಕ್‌ದಮ್ ನಾರ್ಮಲ್, ಅಮ್ಮಾ! ಠೀಕ್ ಹೋ ಗಯಾ!" ವಾಸಿಯಾಯಿತು ಎಂದು ನೀನು ನಂಬಿದೆ. ದೇವರು ದೊಡ್ಡವನು ಎಂದು ನಾನು — ಹೌದು, ಹಾಗೆಂದೆ — ದೀಪ ಹಚ್ಚಿದೆ, ಪಾಯಸ ಮಾಡಿದೆ. ಅಬ್ಬ, ಪಾರಾದೆ ಎಂದುಕೊಂಡೆ. ಇನ್ನು ಯಾರಿಗೂ ಏನೂ ತಿಳಿಯಬೇಕಾಗಿಲ್ಲ, ಸುಳ್ಳು ತಾನಾಗಿಯೇ ಸತ್ತಿತು ಎಂದುಕೊಂಡೆ.

ಪಾಯಸದ ಬಟ್ಟಲು ಹಿಡಿದು ಕೂತ ನೀನು, "ಏಕ್ ಸಾಲ್ ಪೆಹಲೇ ಠೀಕ್ ಹೋ ಜಾತಾ ತೋ... ಪಪ್ಪಾ..." ಎಂದೆ. ಒಂದು ವರ್ಷ ಮೊದಲೇ ವಾಸಿಯಾಗಿದ್ದರೆ.

ನಾನು ಏನು ಹೇಳಿದೆ ಗೊತ್ತಲ್ಲ? "ಪಾಯಸ ಆರ್ತದೆ, ತಿನ್ನು" ಎಂದೆ.

ಆ ಮಾತು ಕೇಳಿದ ಮೇಲೆ ಇದನ್ನು ಬರೆಯಲು ಕೂತೆ. ನಾನು ಹೇಳದಿದ್ದರೆ, ಆವತ್ತು ತಡವಾದದ್ದು ನಿನ್ನ ಎದೆಯಿಂದ ಎಂದು ನೀನು ಸಾಯುವವರೆಗೆ ತಿಳಿದಿರುತ್ತೀ. ಅದು ನನ್ನಿಂದ, ಶ್ವೇತಾ. ಆ ಗಲ್ಲಿಯನ್ನು ನೀನು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಓಡಿ ದಾಟುತ್ತಿದ್ದೆ. ಓಡದ ಹಾಗೆ ಮಾಡಿದವಳು ನಾನು. ನಿನ್ನ ಪಪ್ಪಾ ಕೊನೆಯ ಉಸಿರಿನಲ್ಲೂ ನನ್ನ ಸುಳ್ಳನ್ನು ನಿಜವೆಂದೇ ತಿಳಿದು ನಿನ್ನನ್ನು ಕಾಪಾಡಲು ನೋಡಿದರು. ಅವರ ಹತ್ತಿರ ಇನ್ನು ಹೇಳಿಕೊಳ್ಳುವುದಕ್ಕಿಲ್ಲ.

ಇನ್ನೂ ಒಂದನ್ನು ಒಪ್ಪಿಕೊಳ್ಳಬೇಕು. ನಾಲ್ಕು ದಿನದಿಂದ ನಾನು ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿನಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಬರೆದೆ. ನಿನ್ನ ಎದುರಿಗೇ, ಊಟದ ಮೇಜಿನ ಮೇಲೆ. ಏನು ಬರೆಯುತ್ತೀ ಎಂದು ನಿನ್ನೆ ನೀನು ಕೇಳಿದಾಗ, ಭಜನೆ ಎಂದೆ. ಇಷ್ಟಾದ ಮೇಲೂ ನನ್ನ ಬಾಯಿ ಅಂಥದ್ದು.

ಬರೆದಿಟ್ಟರೆ ಹೇಳಿದ ಹಾಗಾಗುವುದಿಲ್ಲ. ನಾಳೆ ನಿನಗೆ ರಜೆ. ತಿಂಡಿಯಾದ ಮೇಲೆ ನಿನ್ನನ್ನು ಕೂರಿಸಿ ಮೊದಲಿನಿಂದ ಗಟ್ಟಿಯಾಗಿ ಓದುತ್ತೇನೆ, ಒಂದಕ್ಷರ ಬಿಡದೆ. ಕ್ಷಮಿಸು ಎಂದು ಇದರಲ್ಲಿ ಎಲ್ಲಿಯೂ ಬರೆದಿಲ್ಲ, ಬಾಯಲ್ಲೂ ಕೇಳುವುದಿಲ್ಲ. ಈ ಸಾಲಿಗೆ ಬರುವಷ್ಟರಲ್ಲಿ ನೀನು ಎದುರಿನ ಕುರ್ಚಿಯಲ್ಲಿ ಇರುತ್ತೀಯೋ, ಎದ್ದು ಹೋಗಿರುತ್ತೀಯೋ ಗೊತ್ತಿಲ್ಲ. ಕುರ್ಚಿ ಖಾಲಿಯಾಗಿದ್ದರೂ ಕೊನೆಯವರೆಗೆ ಓದುತ್ತೇನೆ.